ಹಗಲು ಯಾವ ಊರಿಗೆ, ರಾತ್ರಿ ಯಾವ ಊರಿಗೆ?

ಶಿಕಾಗೋದಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಎಮರಿವಿಲ್ ತಲುಪುವ ಕ್ಯಾಲಿಫೋರ್ನಿಯಾ ಜೆಫಿರ್ ರೈಲನ್ನು ಹೊಗಳದವರಿಲ್ಲ. ಸುಮಾರು 3,900 ಕಿಲೋಮೀಟರ್ ದಾರಿ. ಎರಡು ರಾತ್ರಿ ಗಾಡಿಯಲ್ಲೇ ಕಳೆಯಬೇಕು. ಅಮೆರಿಕದ ಅತಿ ಚೆಲುವಾದ ರೈಲುದಾರಿಗಳ ಪಟ್ಟಿಯಲ್ಲಿ ಇದರ ಹೆಸರು ತಪ್ಪುವುದಿಲ್ಲ. ಈ ಗಾಡಿ ನಡೆಯುವುದು ಟಿಕೆಟ್ ಹಣದ ಜೊತೆಗೆ ತೆರಿಗೆದಾರರ ದುಡ್ಡಿನಿಂದಲೂ. ಹಾಗಿದ್ದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: ಸಾರ್ವಜನಿಕ ರೈಲು ಓಡಬೇಕಾದದ್ದು ಕಿಟಕಿಯಾಚೆಯ ನೋಟಕ್ಕಾಗಿಯೋ, ದಾರಿಯುದ್ದದ ಊರುಗಳ ಜನರಿಗಾಗಿಯೋ?

ನೋಟವನ್ನು ಹಗುರವಾಗಿ ಕಾಣುವಂತಿಲ್ಲ. ಪಶ್ಚಿಮಕ್ಕೆ ಹೊರಟ ಗಾಡಿ ಬೆಳಿಗ್ಗೆ ಡೆನ್ವರ್ ಬಿಟ್ಟೊಡನೆ ದೊಡ್ಡ ತಿರುವೊಂದರಲ್ಲಿ ರಾಕಿ ಬೆಟ್ಟ ಹತ್ತತೊಡಗುತ್ತದೆ. ಆ ತಿರುವಿನಲ್ಲಿ ಹಳಿಯ ಪಕ್ಕ ಹಳೆಯ ಗೂಡ್ಸ್ ವ್ಯಾಗನ್‌ಗಳು ಸಾಲಾಗಿ ನಿಂತಿವೆ. ಅವು ಎಲ್ಲಿಗೂ ಹೋಗುವುದಿಲ್ಲ. ಬೆಟ್ಟದಿಂದ ಇಳಿಯುವ ಬಿರುಗಾಳಿ ಗಾಡಿಗಳನ್ನು ಉರುಳಿಸದಿರಲೆಂದು ಮರಳು ತುಂಬಿ ನಿಲ್ಲಿಸಿದ ತಡೆಗೋಡೆ ಅದು. ಅಲ್ಲಿಂದ ಸುರಂಗದ ಮೇಲೆ ಸುರಂಗ, ಕೊನೆಗೆ 1928ರಲ್ಲಿ ತೆರೆದ ಹತ್ತು ಕಿಲೋಮೀಟರ್ ಉದ್ದದ ಮಾಫಟ್ ಸುರಂಗ. ಡೀಸೆಲ್ ಹೊಗೆ ಒಳಗೆ ನುಗ್ಗದಂತೆ, ಅದನ್ನು ದಾಟುವವರೆಗೆ ಬೋಗಿಯಿಂದ ಬೋಗಿಗೆ ಓಡಾಡಬೇಡಿ ಎಂದು ಸಿಬ್ಬಂದಿ ಹೇಳುತ್ತಾರೆ. ಆಚೆಗೆ ಕೊಲರಾಡೊ ನದಿ ಜೊತೆಗೂಡುತ್ತದೆ. ಗೋರ್ ಕಣಿವೆಯ ಆಳಕ್ಕೆ ಮೋಟಾರು ರಸ್ತೆಯೇ ಇಲ್ಲ. ಅಲ್ಲಿರುವುದು ನದಿ ಮತ್ತು ಹಳಿ ಮಾತ್ರ. ಕಾರಿಲ್ಲದವನಿಗೂ, ಬೆಟ್ಟ ಹತ್ತಲಾಗದ ವೃದ್ಧೆಗೂ ಇಂಥ ಕಣಿವೆಯನ್ನು ಕಣ್ತುಂಬ ತೋರಿಸುವುದು ಸಣ್ಣ ಸಾರ್ವಜನಿಕ ಸೇವೆಯಲ್ಲ.

ಆದರೆ ಈ ಸೇವೆಯ ಬೆಲೆ ತೆರುವವರು ಬೇರೆ ಊರಿನವರು. 1949ರಲ್ಲಿ ಖಾಸಗಿ ಕಂಪನಿಗಳು ಮೊದಲ ಕ್ಯಾಲಿಫೋರ್ನಿಯಾ ಜೆಫಿರ್ ಓಡಿಸಿದಾಗಲೇ ಬೆಟ್ಟಗಳು ಹಗಲಲ್ಲಿ ಸಿಗುವಂತೆ ವೇಳಾಪಟ್ಟಿ ಹೊಂದಿಸಿದ್ದವು. ಇಂದಿಗೂ ಕ್ರಮ ಅದೇ. ಬೆಟ್ಟಕ್ಕೆ ಹಗಲು ಕೊಟ್ಟರೆ ಬಯಲಿಗೆ ಉಳಿಯುವುದು ರಾತ್ರಿ. ನೆಬ್ರಾಸ್ಕದ ರಾಜಧಾನಿ ಲಿಂಕನ್‌ಗೆ ಪಶ್ಚಿಮದ ಗಾಡಿ ಬರುವುದು ನಡುರಾತ್ರಿಯ ಸುಮಾರಿಗೆ, ಪೂರ್ವದ ಗಾಡಿ ನಸುಕಿನ ಮೂರರ ಆಸುಪಾಸಿನಲ್ಲಿ. ದೊಡ್ಡ ನಗರ ಸಾಲ್ಟ್ ಲೇಕ್ ಸಿಟಿಗೂ ಹೆಚ್ಚುಕಡಿಮೆ ಇದೇ ಪಾಡು. ಉತ್ತರದ ಎಂಪೈರ್ ಬಿಲ್ಡರ್ ಗಾಡಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಅಂಚನ್ನು ಬೆಳಕಿರುವಾಗ ಹಾಯುತ್ತದೆ, ಚಳಿಗಾಲದ ಮಾತು ಬೇರೆ. ಉತ್ತರ ಡಕೋಟದ ದೊಡ್ಡ ಊರಾದ ಫಾರ್ಗೊದವರು ಮಾತ್ರ ಎರಡು ದಿಕ್ಕಿಗೂ ನಿದ್ದೆಗೆಟ್ಟೇ ಅದನ್ನು ಹತ್ತಬೇಕು. ಮೈನಸ್ ಇಪ್ಪತ್ತರ ಚಳಿಯಲ್ಲಿ ಮಕ್ಕಳನ್ನೆಬ್ಬಿಸಿಕೊಂಡು ನಿಲ್ದಾಣಕ್ಕೆ ಬರುವುದೆಂದರೇನೆಂದು ಊಹಿಸಿ.

ವಯೋಮಿಂಗ್‌ನ ಕಥೆ ಇನ್ನೂ ಕಠಿಣ. 1971ರಲ್ಲಿ ದೇಶದ ಪ್ರಯಾಣಿಕ ರೈಲುಗಳನ್ನು ಓಡಿಸುವ ಸಾರ್ವಜನಿಕ ಸಂಸ್ಥೆ ಆಮ್‌ಟ್ರ್ಯಾಕ್ ಶುರುವಾದ ಬಳಿಕ ಈ ಮಾರ್ಗದ ಗಾಡಿ ಆ ರಾಜ್ಯದ ಮೂಲಕ ಓಡುತ್ತಿತ್ತು, ಏಕೆಂದರೆ ಕೊಲರಾಡೊ ಬೆಟ್ಟದ ಹಳಿಯ ಒಡೆಯರಾದ ರಿಯೊ ಗ್ರಾಂಡ್ ಕಂಪನಿ ಆಮ್‌ಟ್ರ್ಯಾಕ್ ಸೇರಿರಲಿಲ್ಲ. 1983ರಲ್ಲಿ ಅದು ಒಪ್ಪಿತು, ಗಾಡಿ ಚೆಲುವಿನ ದಾರಿಗೆ ತಿರುಗಿತು. ಇಂದು ವಯೋಮಿಂಗ್‌ನಲ್ಲಿ ಆಮ್‌ಟ್ರ್ಯಾಕ್‌ನ ಒಂದು ರೈಲೂ ಇಲ್ಲ.

ಪ್ರವಾಸಿಗರಿಂದ ಆದಾಯ ಬರುತ್ತದೆ, ಬೆಟ್ಟ ಕತ್ತಲಲ್ಲಿ ಕಳೆದರೆ ದುಬಾರಿ ಸ್ಲೀಪರ್ ಟಿಕೆಟ್ ಯಾರು ಕೊಳ್ಳುತ್ತಾರೆ ಎಂಬ ವಾದವಿದೆ. ಅದು ನಿಜವೇ. ಹಾಗಾಗಿ ಈಗಿರುವ ವೇಳಾಪಟ್ಟಿಯನ್ನು ತಿರುಗಿಸಿ ಎಂದು ನಾನು ಹೇಳಲಾರೆ. ದಿನಕ್ಕೊಂದೇ ಗಾಡಿ ಇರುವವರೆಗೆ ಯಾರಾದರೊಬ್ಬರು ನಡುರಾತ್ರಿ ಏಳಲೇಬೇಕು, ಕೇಡಿನ ಬೇರು ಅಲ್ಲಿದೆ. ಈ ಗಾಡಿಗಳಲ್ಲಿ ಕೂರುವವರೆಲ್ಲ ನೋಟಕ್ಕೆ ಬಂದವರಲ್ಲ. ನಂಬಿಕೆಯ ಕಾರಣಕ್ಕೆ ವಿಮಾನ ಹತ್ತದ ಆಮಿಷ್ ಕ್ರೈಸ್ತ ಪಂಥದ ಕುಟುಂಬಗಳಿರುತ್ತವೆ, ಆಸ್ಪತ್ರೆಗೆ ಹೋಗುವವರು, ಕಾಲೇಜಿಗೆ ಮರಳುವವರು ಇರುತ್ತಾರೆ. ಇವರನ್ನು ಮರೆತು ‘ರಮಣೀಯ ಪ್ರಯಾಣ’ ಎಂದಷ್ಟೇ ಹೊಗಳುತ್ತ ಹೋದರೆ ರೈಲಿಗೇ ಕುತ್ತು. ಅನುದಾನ ಕಡಿಯಬೇಕೆನ್ನುವವರಿಗೆ ಇದು ಶೋಕಿ ಎನ್ನಲು ನಾವೇ ನೆಪ ಕೊಟ್ಟಂತೆ.

ದಿನಕ್ಕೆ ಎರಡನೆಯ ಗಾಡಿ ಓಡಿಸುವ ದಾರಿ ಸುಲಭವಿಲ್ಲ. ಹಳಿಗಳು ಬಹುಪಾಲು ಗೂಡ್ಸ್ ಕಂಪನಿಗಳವು. ಹೊಸ ಗಾಡಿಗೆ ಅವು ಒಪ್ಪಬೇಕು, ಕ್ರಾಸಿಂಗ್‌ಗೆ ಹೆಚ್ಚಿನ ಹಳಿ ಹಾಕಬೇಕು. 2008ರ ಕಾಯ್ದೆಯ ಪ್ರಕಾರ 750 ಮೈಲಿಗಿಂತ ಕಡಿಮೆ ದೂರದ ಬಹುತೇಕ ಗಾಡಿಗಳ ಖರ್ಚನ್ನು ರಾಜ್ಯಗಳೇ ಹೊರಬೇಕು. ನೆಬ್ರಾಸ್ಕದ ಒಮಾಹಾದಿಂದ ಕೊಲರಾಡೊದ ಡೆನ್ವರ್‌ಗೆ ಹಗಲು ಗಾಡಿ ಬೇಕೆಂದರೆ ಆ ರಾಜ್ಯಗಳು ಕೈಯಿಂದ ಹಾಕಬೇಕು. ಹಾಗಿದ್ದೂ, ಆ ಮಿತಿ ಮೀರಿದ ದೂರದ ಗಾಡಿಗಳಿಗೆ ಹಣ ಕೊಡುವ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಮೊದಲು ದುಡ್ಡು ಕೊಡಬೇಕಾದದ್ದು ಈಗಿನ ಜೆಫಿರ್‌ಗೆ ಹನ್ನೆರಡು ಗಂಟೆಯ ಅಂತರದಲ್ಲಿ ಹೊರಡುವ ಎರಡನೆಯ ಗಾಡಿಗೆ. ಹೊಸ ಗಾಜಿನ ಬೋಗಿಗಳು ಆಮೇಲೆ ಬರಲಿ.