ಬಾಣಂತಿಯ ತಟ್ಟೆ

ಹಾಸನದ ಸೀಮೆಯಲ್ಲಿ ಹಸು ಕರು ಹಾಕಿತೆಂದರೆ ಮನೆಮಂದಿಯೆಲ್ಲ ಕೊಟ್ಟಿಗೆಯಲ್ಲಿ ಸೇರುತ್ತಾರೆ. ಯಜಮಾನನು ನಡುರಾತ್ರಿಯಾದರೂ ದೀಪ ಹಿಡಿದು ನಿಂತು, ಕರುವಿನ ಮೈ ಒರೆಸಿ, ತಡವರಿಸುವ ಅದರ ಕಾಲುಗಳನ್ನು ನೆಲಕ್ಕೆ ಊರಿಸಿ, ಮೊದಲು ಅದರ ಬಾಯಿಯನ್ನು ಕೆಚ್ಚಲಿಗೆ ಒಯ್ಯುತ್ತಾನೆ. ಗಿಣ್ಣುಹಾಲು ಕುಡಿಯದ ಕರು ಬದುಕುವುದು ಕಷ್ಟವೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರು ಕುಡಿದು ಮಿಕ್ಕ ಗಿಣ್ಣಿಗೆ ಬೆಲ್ಲ, ಏಲಕ್ಕಿ ಬೆರೆಸಿ ಬೇಯಿಸಿ ನೆರೆಹೊರೆಗೆ ಹಂಚುವುದುಂಟು. ಅಂದಿನಿಂದ ಹಸುವಿಗೆ ಹಿಂಡಿ, ಬೂಸ, ಹಸಿಹುಲ್ಲುಗಳ ಉಪಚಾರ ನಡೆಯುತ್ತದೆ. ಹಾಲು ಕರೆಯುವ ಹಸುವಿನ ಮೇವನ್ನು ಕಡಮೆ ಮಾಡುವ ರೈತನನ್ನು ಊರಿನವರು ತಿಳಿಗೇಡಿಯೆಂದೇ ಕರೆಯುತ್ತಾರೆ.

ಇನ್ನು ಅದೇ ಮನೆಯ ನಡುಕೋಣೆಗೆ ಬನ್ನಿ. ಅಲ್ಲಿ ಸೊಸೆಯೋ ಮಗಳೋ ಹೆತ್ತು ಮಲಗಿದ್ದಾಳೆ. ಎಲ್ಲ ಮನೆಗಳಲ್ಲಿ ಅಲ್ಲದಿದ್ದರೂ ಇಂದಿಗೂ ಅನೇಕ ಮನೆಗಳಲ್ಲಿ, ಆಕೆಯ ಎದೆಯಲ್ಲಿ ಮೊದಲು ಊರುವ ಹಳದಿ ಬಣ್ಣದ ಗಟ್ಟಿಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲುತ್ತಾರೆ. ಕೂಸಿನ ನಾಲಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರುತ್ತಾರೆ. ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಶೀತ, ಸೊಪ್ಪು ಕೊಟ್ಟರೆ ಮಗುವಿಗೆ ಭೇದಿ, ಹಣ್ಣು ಕೊಟ್ಟರೆ ಕೆಮ್ಮು ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆದು, ಕೊನೆಗೆ ಅನ್ನ ಮತ್ತು ಸಾರನ್ನು ಮಾತ್ರ ಉಳಿಸುತ್ತಾರೆ. ಪ್ರೀತಿಯ ಕೊರತೆಯಿಂದ ಯಾರೂ ಹೀಗೆ ಮಾಡುವುದಿಲ್ಲ. ಆದರೆ ಕೊಟ್ಟಿಗೆಯಲ್ಲಿ ನಾವು ತೋರುವ ವಿವೇಕವು ನಡುಕೋಣೆಯ ಹೊಸ್ತಿಲಲ್ಲಿಯೇ ಏಕೆ ನಿಂತುಬಿಡುತ್ತದೆ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಆ ಹಳದಿ ಹಾಲು ಮಗುವಿಗೆ ದೊರೆಯುವ ಮೊದಲ ರಕ್ಷೆ. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಅದರಲ್ಲಿ ಹೇರಳವಾಗಿವೆ. ಅದು ಪ್ರಮಾಣದಲ್ಲಿ ಕೆಲವೇ ಚಮಚೆಗಳಷ್ಟು; ಹುಟ್ಟಿದ ಕೂಸಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭವಾಗಬೇಕು, ಮೊದಲ ಆರು ತಿಂಗಳು ನೀರನ್ನೂ ಕೊಡದೆ ಎದೆಹಾಲನ್ನು ಮಾತ್ರ ಕೊಡಬೇಕು, ಅನಂತರ ಬೇರೆ ಆಹಾರದೊಡನೆ ಎರಡು ವರ್ಷ ಮತ್ತು ಅದಕ್ಕೂ ಮೇಲೆ ಹಾಲೂಡಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಸಗೆಯಲ್ಲಿಯೂ ಕೂಸಿಗೆ ನೀರು ಬೇಡವೆ ಎಂದು ಅಜ್ಜಿಯರು ಕೇಳುತ್ತಾರೆ. ಎದೆಹಾಲಿನ ಬಹುಪಾಲು ನೀರೇ ಆಗಿರುವುದರಿಂದ ಬೇರೆ ನೀರಿನ ಅಗತ್ಯವಿಲ್ಲ.

'ಹಾಲು ಸಾಲದು' ಎಂಬ ಭಯವು ತಾಯಂದಿರನ್ನು ಕಾಡುವ ಇನ್ನೊಂದು ಭೂತ. ಮಗು ಅತ್ತರೆ ಸಾಕು, ನೋಡಲು ಬಂದವರೆಲ್ಲ ಈ ಮಾತನ್ನೇ ಆಡುತ್ತಾರೆ. ಆದರೆ ಎದೆಹಾಲಿನ ರೀತಿಯೇ ಬೇರೆ. ಕೂಸು ಚೀಪಿದಷ್ಟೂ ತಾಯಿಯ ದೇಹಕ್ಕೆ ಸೂಚನೆ ಹೋಗಿ ಹಾಲು ಹೆಚ್ಚುತ್ತದೆ. ಚೀಪುವುದು ಕಡಮೆಯಾದರೆ ಹಾಲೂ ಕಡಮೆಯಾಗುತ್ತದೆ. ಹೆದರಿದ ತಾಯಿ ಸೀಸೆಯ ಹಾಲು ಕೊಡುತ್ತಾಳೆ; ಹೊಟ್ಟೆ ತುಂಬಿದ ಕೂಸು ಎದೆಯನ್ನು ಚೀಪುವುದಿಲ್ಲ; ಹಾಲು ನಿಜವಾಗಿಯೂ ಇಳಿಯುತ್ತದೆ. ಹೀಗೆ ಸುಳ್ಳು ಭಯವು ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ. ಹಾಲಿನ ಪುಡಿಯ ವ್ಯಾಪಾರವು ಲೋಕದೆಲ್ಲೆಡೆ ಬೆಳೆದುದು ಈ ಭಯದ ನೆಲದಲ್ಲಿಯೇ. ಅದನ್ನು ತಡೆಯಲು 1981ರಲ್ಲಿ ವಿಶ್ವ ಆರೋಗ್ಯ ಸಭೆಯು ಒಂದು ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಭಾರತವು 1992ರಲ್ಲಿ ಕಾನೂನನ್ನೇ ಮಾಡಿ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ, ಎದೆಹಾಲಿನ ಬದಲಿ ಆಹಾರಗಳ ಜಾಹೀರಾತನ್ನು ನಿಷೇಧಿಸಿತು. ಆದರೆ ನೆರೆಯವರ ನಾಲಗೆಗೆ ಯಾವ ಕಾನೂನು ಕಡಿವಾಣ ಹಾಕೀತು?

ಆಸ್ಪತ್ರೆಗಳು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ನಂಬಿದ್ದೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇಕಡ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದುವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಶೇಕಡ 41.8 ಮಾತ್ರ. ತಾಯಿ ಆಸ್ಪತ್ರೆಯನ್ನು ತಲಪಿದಳು; ಹಾಲು ಮಾತ್ರ ಸಕಾಲದಲ್ಲಿ ಮಗುವನ್ನು ತಲಪಲಿಲ್ಲ. ಕಟ್ಟಡ ಮತ್ತು ಸಲಕರಣೆಗಳಿಂದ ತುಂಬಲಾರದ ಕೊರತೆಯೊಂದಿದೆ ಎಂಬುದನ್ನು ಈ ಎರಡು ಅಂಕಿಗಳು ತೋರಿಸುತ್ತವೆ. ಪಕ್ಕದಲ್ಲಿ ಕುಳಿತು, ಕೂಸನ್ನು ಹಿಡಿಯುವ ಬಗೆಯನ್ನು ತೋರಿಸಿ, 'ಹೆದರಬೇಡ ಮಗಳೆ, ಹಾಲು ಬರುತ್ತದೆ' ಎನ್ನುವ ಒಬ್ಬರ ಕೊರತೆ ಅದು.

ನಮ್ಮ ಅಜ್ಜಿಯರು ಯಾರ ನೆರವೂ ಇಲ್ಲದೆ ಹತ್ತು ಮಕ್ಕಳನ್ನು ಸಾಕಲಿಲ್ಲವೆ ಎಂದು ಕೆಲವರು ಕೇಳುವುದುಂಟು. ಈ ಮಾತು ಅರ್ಧ ಸತ್ಯ. ಅವರಿಗೆ ನೆರವು ಇತ್ತು. ಅತ್ತೆ, ನಾದಿನಿ, ಓರಗಿತ್ತಿ, ತವರಿನ ತಾಯಿ, ಕೇರಿಯ ಸೂಲಗಿತ್ತಿ ಇವರೇ ಆ ನೆರವು. ಅದಕ್ಕೆ ಯೋಜನೆ ಎಂಬ ಹೆಸರಿರಲಿಲ್ಲ, ಅಷ್ಟೆ. ಇನ್ನುಳಿದ ಅರ್ಧ ಸತ್ಯವೆಂದರೆ, ಹೆತ್ತ ಹತ್ತರಲ್ಲಿ ಎಷ್ಟು ಉಳಿದುವು ಎಂಬುದನ್ನು ಆ ಅಜ್ಜಿಯರು ಲೆಕ್ಕ ಹೇಳುತ್ತಿರಲಿಲ್ಲ, ಕಣ್ಣೊರಸಿಕೊಳ್ಳುತ್ತಿದ್ದರು.

ಇಂದು ಕೂಡುಕುಟುಂಬಗಳು ಒಡೆದಿವೆ. ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಲ್ಲಿ, ಹಾಸನದ ಸುತ್ತಿನ ಆಲೂಗಡ್ಡೆ ಹೊಲಗಳಲ್ಲಿ, ಹೊಳೆನರಸೀಪುರದ ನಾಲೆಯ ಕೆಳಗಿನ ಗದ್ದೆಗಳಲ್ಲಿ, ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ದುಡಿಯುವ ಹೆಂಗಸು ಕೂಲಿ ಬಿಟ್ಟು ಎಷ್ಟು ದಿನ ಕುಳಿತಾಳು? 2017ರ ತಿದ್ದುಪಡಿಯಿಂದ ಕಚೇರಿ, ಕಾರ್ಖಾನೆಗಳ ಹೆಂಗಸರಿಗೆ 26 ವಾರಗಳ ವೇತನಸಹಿತ ರಜೆ ದೊರೆಯುವಂತಾಯಿತು. ದಿನಗೂಲಿಯವಳಿಗೆ ರಜೆ ಕೊಡುವವರು ಯಾರು? ಆರು ತಿಂಗಳು ಎದೆಹಾಲನ್ನೇ ಕೊಡು ಎಂದು ಆಕೆಗೆ ಬೋಧಿಸುವುದು ಸುಲಭ. ಆ ಆರು ತಿಂಗಳು ಆಕೆಯ ಒಲೆ ಉರಿಯುವ ದಾರಿಯನ್ನು ಕಾಣಿಸದೆ ಬೋಧಿಸುವುದು ನ್ಯಾಯವಲ್ಲ.

ಸರ್ಕಾರವು ಏನನ್ನೂ ಮಾಡಿಲ್ಲ ಎನ್ನಲಾಗದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಹೊಳೆನರಸೀಪುರವನ್ನು ಬಳಸಿ ಹರಿಯುವ ಹೇಮಾವತಿಯ ನೀರು ಕಾವೇರಿಯನ್ನು ಕೂಡಿ ಹೋಗುವುದು ಆ ಊರಿಗೇ. ನೀರು ಕೆಳಗಿಳಿದು ಹೋದರೆ, ಅಂಗನವಾಡಿ ಎಂಬ ಮಾತು ಅಲ್ಲಿಂದ ಹೊರಟು ಮೇಲಿನ ಹಳ್ಳಿಹಳ್ಳಿಗೂ ಹಬ್ಬಿತು. 2013ರ ಆಹಾರ ಭದ್ರತಾ ಕಾಯಿದೆಯು ಗರ್ಭಿಣಿಯರಿಗೂ, ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಯರಿಗೂ ಊಟವನ್ನು ಹಕ್ಕನ್ನಾಗಿ ಮಾಡಿತು. 2017ರ ಅಕ್ಟೋಬರ್ 2ರಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ನಡೆಗೆ ಬಂದು, ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿಗಳ ಬಿಸಿಯೂಟವನ್ನು ಅಂಗನವಾಡಿಯಲ್ಲಿಯೇ ಬಡಿಸುವ ಏರ್ಪಾಡಾಯಿತು. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಹೇಳಿದೆ. ಆ ದೃಷ್ಟಿಯಿಂದ ಇದು ಯೋಗ್ಯವಾದ ಯೋಜನೆ.

ಆದರೆ ಯೋಜನೆಯು ಅಂಗನವಾಡಿಯಲ್ಲಿ ತಟ್ಟೆ ಹಾಕಿ ಕಾಯುತ್ತದೆ. ಬಾಣಂತಿಯನ್ನು ಸಂಪ್ರದಾಯವು ಮನೆಯಿಂದ ಹೊರಗೆ ಬಿಡುವುದಿಲ್ಲ. ಹೊಲದ ನಡುವೆ ಮನೆ ಮಾಡಿಕೊಂಡವಳು ಹಸುಗೂಸನ್ನು ಎತ್ತಿಕೊಂಡು ಬಿಸಿಲಿನಲ್ಲಿ ಅಷ್ಟು ದೂರ ನಡೆಯಲಾರಳು. ಹೆರಿಗೆಗೆಂದು ತವರಿಗೆ ಹೋದವಳ ಹೆಸರು ಗಂಡನ ಊರಿನ ಪುಸ್ತಕದಲ್ಲಿ ಉಳಿದಿರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಹೋಗಿ ನೋಡಬೇಕೆಂಬ ನಿಯಮವಿದೆ. ಆಕೆ ಬಂದಾಗ ತೂಕ ನೋಡಿ ಹೋದರೆ ಸಾಲದು. ಕೂಸು ಹಾಲು ಕುಡಿಯುವುದನ್ನು ಕುಳಿತು ನೋಡುವಷ್ಟು ಬಿಡುವು ಆಕೆಗೂ ಇರಬೇಕು, ಆ ಬಿಡುವಿಗೆ ತಕ್ಕ ಸಂಭಾವನೆಯೂ ದೊರೆಯಬೇಕು.

ಆದುದರಿಂದ, ಈ ಕೆಲಸದಲ್ಲಿ ಊರೂ ಕೈಗೂಡಿಸಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಸಹಕಾರ ಹೊಸತಲ್ಲ. ಬೆಳಗು ಸಂಜೆ ಮನೆಮನೆಯ ಹಾಲನ್ನು ಡೇರಿಗೆ ತಂದು ಅಳೆದು, ಪಟ್ಟಣಗಳಿಗೆ ಕಳುಹಿಸುವ ಶಿಸ್ತನ್ನು ನಾವು ಕಲಿತಿದ್ದೇವೆ. ಆ ಶಿಸ್ತಿನ ಒಂದು ಪಾಲನ್ನು ಬಾಣಂತಿಯರಿಗಾಗಿ ವೆಚ್ಚ ಮಾಡಲಾರೆವೆ? ಅಂಗನವಾಡಿಗೆ ಬರಲಾರದವಳಿಗೆ ನೆರೆಯ ಹುಡುಗಿ ಬುತ್ತಿಯನ್ನು ಒಯ್ದುಕೊಡಬಹುದು. ಸ್ತ್ರೀಶಕ್ತಿ ಸಂಘದಲ್ಲಿ ಮಕ್ಕಳಿಗೆ ಚೆನ್ನಾಗಿ ಹಾಲೂಡಿಸಿದ ಇಬ್ಬರು ಅನುಭವಿಗಳು ಹೊಸ ತಾಯಂದಿರ ಮನೆಗೆ ಹೋಗಿಬರಬಹುದು. ಅತ್ತೆಯರನ್ನು ಮೊದಲು ಕೂರಿಸಿಕೊಂಡು ಮಾತನಾಡಬೇಕು. ಏಕೆಂದರೆ ತಟ್ಟೆಗೆ ಬಡಿಸುವ ಕೈ ಅವರದು. ನಮ್ಮ ಸಂಪ್ರದಾಯದಲ್ಲಿಯೇ ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿಗಳನ್ನು ಕೊಡುವ ಒಳ್ಳೆಯ ರೂಢಿಯೂ ಇದೆ. ಅದನ್ನು ಉಳಿಸಿಕೊಂಡು, ಹಸಿವಿಗೂ ಬಾಯಾರಿಕೆಗೂ ಹಾಕಿದ ಕಟ್ಟನ್ನು ಬಿಡಬೇಕು. ಆರು ತಿಂಗಳು ತುಂಬಿದ ಮಗುವಿಗೆ ಮೊಳಕೆ ಕಟ್ಟಿದ ರಾಗಿಯ ಸರಿ ನಮ್ಮ ಹೊಲದಲ್ಲಿಯೇ ಬೆಳೆಯುವ ಆಹಾರ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕು ಸುಣ್ಣಾಂಶವಿದೆ. ಅದನ್ನು ಬಿಟ್ಟು ಬಣ್ಣದ ಡಬ್ಬಿಗೆ ಕೂಲಿಯ ಹಣ ಸುರಿಯುವುದೇಕೆ?

ಒಂದು ಮಾತನ್ನು ಮರೆಯಬಾರದು. ಎಲ್ಲ ಪ್ರಯತ್ನದ ಬಳಿಕವೂ ಕೆಲವು ತಾಯಂದಿರಿಗೆ ಹಾಲು ಸಾಲದಿರಬಹುದು, ಕೆಲವರು ಕಾಯಿಲೆಯಲ್ಲಿರಬಹುದು, ಕೆಲವು ಕೂಸುಗಳು ತಿಂಗಳು ತುಂಬುವ ಮೊದಲೇ ಹುಟ್ಟಿರಬಹುದು. ಅಂಥ ಕೂಸುಗಳಿಗಾಗಿ 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಒಬ್ಬ ತಾಯಿಯ ಹಾಲು ಇನ್ನೊಬ್ಬಳ ಮಗುವನ್ನು ಉಳಿಸಿತು. ಹಾಲಿಲ್ಲದವಳನ್ನು ಹೀಯಾಳಿಸುವುದು ನೆರವಲ್ಲ. ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುವುದು ನೆರವು.

ಇದು ಹೆಂಗಸರ ವಿಷಯ, ನಮಗೇಕೆ ಎಂದು ಹುಡುಗರು ಈ ಪುಟವನ್ನು ಮಗುಚಬಾರದು. ಕೊಟ್ಟಿಗೆಯಲ್ಲಿ ದೀಪ ಹಿಡಿದು ನಿಂತವನು ಗಂಡಸೇ ಅಲ್ಲವೆ? ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಕೂಸನ್ನು ಎದೆಗೊತ್ತಿಕೊಂಡು ಕುಳಿತಿದ್ದರೆ, ನೀರಿನ ಚೊಂಬು ಆಕೆಯ ಕೈಗೆ ಎಟುಕುವಂತಿದೆಯೇ ನೋಡಿರಿ. ಆಕೆಯ ತಟ್ಟೆಯಲ್ಲಿ ಸೊಪ್ಪು ಇದೆಯೇ, ಕಾಳು ಇದೆಯೇ, ಆಕೆ ಉಂಡಳೇ ಎಂದು ಕೇಳಿರಿ. ಮಗುವಿನ ಊಟವು ಆ ತಟ್ಟೆಯಿಂದಲೇ ಆರಂಭವಾಗುತ್ತದೆ.