ಕಂಟೇನರಿಗೊಂದು ನ್ಯಾಯ, ಕೈಚೀಲಕ್ಕೊಂದು ನ್ಯಾಯ

ಬಕ್ರೀದ್ ಕಳೆದ ಎರಡು ಮೂರು ದಿನ ನಮ್ಮ ಅನೇಕ ಮನೆಗಳ ಅಂಗಳದಲ್ಲಿ ಒಂದು ಕೆಲಸ ನಡೆಯುತ್ತದೆ. ಪಾಲು ಹಂಚಿ ಉಳಿದ ಮಾಂಸವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಾರೆ. ಕಾಗೆ ಓಡಿಸಲು ಮಕ್ಕಳನ್ನು ಕೂರಿಸುತ್ತಾರೆ. ಫ್ರಿಜ್ ಬಂದ ಮೇಲೆ ಈ ಪದ್ಧತಿ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ನಾವು ಅದನ್ನು ಒಣಮಾಂಸ ಎನ್ನುತ್ತೇವೆ. ಜಗತ್ತಿನ ಕಸ್ಟಮ್ಸ್ ಇಲಾಖೆಗಳು ಅದನ್ನು 0210 ಎನ್ನುತ್ತವೆ.

ಹೌದು, ಗಡಿ ದಾಟುವ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆಯಿದೆ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ನಿರ್ವಹಿಸುವ ಈ ಪಟ್ಟಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಒಂದೇ. ಆಮೇಲಿನ ಅಂಕಿಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳಬಹುದು. ಭಾರತ ಎರಡನ್ನು ಸೇರಿಸಿ ಎಂಟು ಮಾಡಿಕೊಂಡಿದೆ. ಹಸಿ, ಹೆಪ್ಪುಗಟ್ಟಿಸಿದ, ಉಪ್ಪು ಹಾಕಿದ, ಒಣಗಿಸಿದ, ಹೊಗೆಯಾಡಿಸಿದ ಮಾಂಸವೆಲ್ಲ ಎರಡನೆಯ ಅಧ್ಯಾಯಕ್ಕೆ ಸೇರುತ್ತದೆ. ಬೇಯಿಸಿ, ಹುರಿದು, ಡಬ್ಬಿಗೆ ತುಂಬಿದ್ದು ಹದಿನಾರನೆಯ ಅಧ್ಯಾಯಕ್ಕೆ ಹೋಗುತ್ತದೆ.

ಇದೆಲ್ಲ ಗುಮಾಸ್ತರ ಲೆಕ್ಕಾಚಾರ, ನಮಗೇನು ಎಂದು ಓದುಗರು ಕೇಳಬಹುದು. ಈ ಲೆಕ್ಕಾಚಾರದ ಬೆಲೆ ಏನೆಂದು ಬ್ರೆಜಿಲ್ ಮತ್ತು ಥಾಯ್ಲೆಂಡ್‌ಗಳನ್ನು ಕೇಳಬೇಕು. ಆ ಎರಡು ದೇಶಗಳು ಸ್ವಲ್ಪ ಉಪ್ಪು ಬೆರೆಸಿ ಹೆಪ್ಪುಗಟ್ಟಿಸಿದ ಕೋಳಿಮಾಂಸವನ್ನು ಯುರೋಪಿಗೆ ಕಳಿಸುತ್ತಿದ್ದವು. 'ಉಪ್ಪು ಹಾಕಿದ ಮಾಂಸ' ಎಂಬ ಲೆಕ್ಕದಲ್ಲಿ ಅದಕ್ಕೆ ಶೇ. 15.4ರಷ್ಟು ಸುಂಕವಿತ್ತು. 2002ರಲ್ಲಿ ಯುರೋಪು ತಕರಾರು ತೆಗೆಯಿತು. ಕೆಡದಂತೆ ಬಹುಕಾಲ ಉಳಿಸುವಷ್ಟು ಉಪ್ಪು ಇದ್ದರೆ ಮಾತ್ರ ಅದು ಉಪ್ಪುಮಾಂಸ, ಇಲ್ಲವಾದರೆ ಬರೀ ಹೆಪ್ಪುಗಟ್ಟಿದ ಕೋಳಿ ಎಂದಿತು. ಹಾಗಾದರೆ ಸುಂಕ 100 ಕಿಲೋಗೆ 102.4 ಯೂರೋ! ವಿವಾದ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿತು. 'ಉಪ್ಪು ಹಾಕಿದ' ಎಂಬ ಒಂದು ಪದದ ಅರ್ಥಕ್ಕಾಗಿ ಮೂರು ವರ್ಷ ಜಗ್ಗಾಟ ನಡೆದು, 2005ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಪೀಠ ಯುರೋಪಿನ ವಿರುದ್ಧ ತೀರ್ಪು ಕೊಟ್ಟಿತು. ಕೋಳಿಗೆ ಸಿಕ್ಕಿದ ಈ ವಿಚಾರಣೆ ನಮ್ಮ ದೇಶದಲ್ಲಿ ಮನುಷ್ಯನಿಗೆ ಸಿಗುತ್ತಿದೆಯೇ?

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. ಕನ್ನಡದ ರೈತನಿಗೆ ಆಕಳು ಬೇರೆ, ಎಮ್ಮೆ ಬೇರೆ, ಎತ್ತು ಬೇರೆ, ಕೋಣ ಬೇರೆ. ಅವುಗಳ ಎಳೆಯ ಪ್ರಾಯಕ್ಕೂ ಹೋರಿ, ಕಡಸು, ಮಣಕ ಎಂದು ಬೇರೆ ಬೇರೆ ಹೆಸರುಗಳಿವೆ. ಕಸ್ಟಮ್ಸ್ ಪಟ್ಟಿಗೂ 2012ರ ಪರಿಷ್ಕರಣೆಯಲ್ಲಿ ಇಷ್ಟು ಬುದ್ಧಿ ಬಂತು. ಜೀವಂತ ಪ್ರಾಣಿಗಳ ಸಾಲಿನಲ್ಲಿ ದನಕ್ಕೊಂದು, ಎಮ್ಮೆಗೊಂದು ಪ್ರತ್ಯೇಕ ಸಂಖ್ಯೆ ಕೊಟ್ಟಿತು. ಆದರೆ ಕಡಿದ ಮೇಲೆ ಎರಡೂ ಒಂದೇ! ಹೆಪ್ಪುಗಟ್ಟಿದ ಮಾಂಸದ 0202, ಒಣಮಾಂಸದ 0210.20, ಡಬ್ಬಿಮಾಂಸದ 1602.50, ಎಲ್ಲದರಲ್ಲೂ 'ಬೋವೈನ್' ಎಂಬ ಒಂದೇ ಪದ. ಆಕಳು, ಎಮ್ಮೆ ಎರಡೂ ಆ ಪದದೊಳಗೇ ಬರುತ್ತವೆ.

ಭಾರತದಿಂದ ಆಕಳು, ಎತ್ತು, ಕರುಗಳ ಮಾಂಸ ರಫ್ತಾಗುವಂತಿಲ್ಲ. ಹೊರಹೋಗುವುದು ಎಮ್ಮೆ ಕೋಣಗಳ ಮೂಳೆರಹಿತ ಮಾಂಸ. ಹಾಲಿಗೂ ತಳಿಗೂ ಬಳಕೆಯಾಗದ ಪ್ರಾಣಿಯದು ಎಂಬ ಪಶುವೈದ್ಯಾಧಿಕಾರಿಯ ಪ್ರಮಾಣಪತ್ರ ಅದರ ಜೊತೆಗಿರಬೇಕು. ಇದು ಸರಕಾರದ್ದೇ ನೀತಿ. ಹೀಗಿದ್ದೂ ಅಮೆರಿಕದ ಕೃಷಿ ಇಲಾಖೆ ತನ್ನ ಲೆಕ್ಕದಲ್ಲಿ ಎಮ್ಮೆ ಮಾಂಸವನ್ನೂ ಬೀಫ್‌ಗೆ ಸೇರಿಸಿದಾಗ ನಮ್ಮ ಪತ್ರಿಕೆಗಳು 'ಬೀಫ್ ರಫ್ತಿನಲ್ಲಿ ಭಾರತ ನಂಬರ್ ಒನ್' ಎಂದು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿದವು. ಓದಿದವನ ಕಣ್ಣಿಗೆ ಕಂಡದ್ದು ಎಮ್ಮೆಯಲ್ಲ, ಹಸು.

ಈ ಗೊಂದಲದಿಂದ ಲಾಭ ಪಡೆದವರು ಕಡಿಮೆಯಿಲ್ಲ. 2014ರ ಲೋಕಸಭಾ ಚುನಾವಣೆಯ ಪ್ರಚಾರದಲ್ಲಿ ನರೇಂದ್ರ ಮೋದಿಯವರು 'ಪಿಂಕ್ ರೆವಲ್ಯೂಷನ್' ಎಂದು ಮಾಂಸ ರಫ್ತನ್ನು ಹೀಗಳೆದರು. ಅವರು ಗೆದ್ದರು. ರಫ್ತು ನಿಂತಿತೇ? 2014-15ರಲ್ಲಿ ದೇಶದಿಂದ 14 ಲಕ್ಷ ಟನ್ನಿಗೂ ಹೆಚ್ಚು ಎಮ್ಮೆ ಮಾಂಸ ಹೊರಹೋಯಿತು, 29 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಆದಾಯ ಬಂತು. ಹತ್ತು ವರ್ಷಗಳ ನಂತರವೂ, 2023-24ರಲ್ಲಿ, ಈ ವ್ಯಾಪಾರ ಸುಮಾರು 31 ಸಾವಿರ ಕೋಟಿಯಷ್ಟಿತ್ತು. ರಫ್ತು ನಿಲ್ಲಬೇಕೆಂದು ನಾವು ಹೇಳುತ್ತಿಲ್ಲ. ಹಾಲು ಬತ್ತಿದ ಎಮ್ಮೆಯನ್ನು ಮಾರಿ ಮತ್ತೊಂದನ್ನು ಕಟ್ಟುವ ರೈತನ ಬದುಕು ಅದರಲ್ಲಿದೆ. ನಮ್ಮ ಪ್ರಶ್ನೆ ಇಷ್ಟೇ: ಬಂದರಿನಲ್ಲಿ ವಿದೇಶಿ ವಿನಿಮಯವಾಗುವ ಮಾಂಸ ಬೀದಿಯಲ್ಲಿ ಅಪರಾಧವಾಗುವುದು ಹೇಗೆ?

ಕಂಟೇನರಿಗೆ ಮುದ್ರೆಯಿದೆ, ಪ್ರಮಾಣಪತ್ರವಿದೆ, ಅನುಮಾನ ಬಂದರೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆಯಿದೆ. ಬಡವನ ಕೈಚೀಲಕ್ಕೆ ಏನಿದೆ? 2015ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ದಾದ್ರಿ ಬಳಿ ಮೊಹಮ್ಮದ್ ಅಖ್ಲಾಕ್‌ರನ್ನು ಮನೆಯಿಂದ ಎಳೆದು ಕೊಂದರು. ಮಾಂಸದ ಪರೀಕ್ಷೆ ನಡೆದದ್ದು ಆಮೇಲೆ. ಮೊದಲ ವರದಿ ಆಡಿನ ಜಾತಿಯದೆಂದಿತು, ಮರುವರ್ಷ ಹೊರಬಂದ ಮಥುರಾದ ವರದಿ ದನದ್ದೆಂದಿತು. ಯಾವುದು ನಿಜವಾದರೂ ಸತ್ತವರು ಎದ್ದು ಬರಲಾರರು. ದನದ್ದೇ ಆಗಿದ್ದರೂ ಕೊಲ್ಲುವ ಹಕ್ಕನ್ನು ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ. ಆದರೂ ಚರ್ಚೆಯೆಲ್ಲ ಕೊಂದವರನ್ನು ಬಿಟ್ಟು ಫ್ರಿಜ್ಜಿನ ಸುತ್ತ ತಿರುಗಿತು.

ನಮ್ಮ ರಾಜ್ಯದ್ದು ಇನ್ನೊಂದು ಬಗೆ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ಹಸುವಿನ ಸಾಲಿಗೇ ಸೇರಿಸಿತು. ಅಂದರೆ ಹನ್ನೆರಡು ವರ್ಷದ ಕೋಣದ ಮಾಂಸ ಇಲ್ಲಿ ಕಾನೂನಿನ ಪ್ರಕಾರವೇ 'ಬೀಫ್'. ಹದಿನಾಲ್ಕರದ್ದಾದರೆ ಅಲ್ಲ. ಮೊದಲ ಅಪರಾಧಕ್ಕೇ ಮೂರರಿಂದ ಏಳು ವರ್ಷ ಸೆರೆಮನೆ. ಕಡಿದಿಟ್ಟ ಮಾಂಸವನ್ನು ನೋಡಿ ಪ್ರಾಣಿಯ ವಯಸ್ಸನ್ನು ಹೇಳಬಲ್ಲ ಸಬ್ ಇನ್‌ಸ್ಪೆಕ್ಟರ್ ಎಲ್ಲಿದ್ದಾನೆ? ಆದರೆ ಜಪ್ತಿ ಮಾಡುವ ಅಧಿಕಾರ ಅವನಿಗಿದೆ.

ಎಮ್ಮೆಯ ಹೆಸರಿನಲ್ಲಿ ದನದ ಮಾಂಸ ಸಾಗುತ್ತಿದೆ, ಅದಕ್ಕೇ ಈ ಬಿಗಿ ಎಂದು ಕೆಲವರು ಹೇಳುತ್ತಾರೆ. ಒಪ್ಪೋಣ, ಅಂಥವರೂ ಇರಬಹುದು. ಹಾಗಿದ್ದರೆ ಮೊದಲು ಬೇಕಾದದ್ದು ಎರಡನ್ನೂ ಬೇರ್ಪಡಿಸುವ ವ್ಯವಸ್ಥೆಯಲ್ಲವೇ? ನಮ್ಮ ಸುಂಕದ ಪಟ್ಟಿಯಲ್ಲಿ ಮೂಳೆರಹಿತ ಹೆಪ್ಪುಗಟ್ಟಿದ ಮಾಂಸದ ಸಂಖ್ಯೆ 0202 30 00. ಕೊನೆಯ ಆ ಎರಡು ಸೊನ್ನೆಗಳು ಭಾರತದ ಕೈಯಲ್ಲೇ ಇವೆ. ಬ್ರಸೆಲ್ಸನ್ನು ಕೇಳಬೇಕಿಲ್ಲ. ಅಲ್ಲಿ ಎಮ್ಮೆ ಮಾಂಸಕ್ಕೆ ಅದರದೇ ಸಂಖ್ಯೆ ಕೊಟ್ಟರೆ ಪತ್ರಿಕೆಯ ತಲೆಬರಹವೂ ಚುನಾವಣೆಯ ಭಾಷಣವೂ ಅರ್ಧ ಸುಳ್ಳನ್ನು ಕಳೆದುಕೊಳ್ಳುತ್ತವೆ.

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಎಮ್ಮೆ ಮಾಂಸ ಮಾರುವ ಅಂಗಡಿಯವ ಬೋರ್ಡಿನಲ್ಲಿ 'ಬೀಫ್' ಎಂದು ಬರೆಯುತ್ತಾನೆ. ಹೋಟೆಲಿನವನೂ ಹಾಗೆಯೇ ಬರೆಯುತ್ತಾನೆ. ಕೇಳಿದರೆ, ಗಿರಾಕಿಗೆ ಗೊತ್ತಾಗುವುದು ಅದೇ ಎನ್ನುತ್ತಾನೆ. ಖರೀದಿಯ ಬಿಲ್ಲಿಲ್ಲ, ಪಶುವೈದ್ಯರ ಚೀಟಿಯಿಲ್ಲ. ಅಳತೆ ತೂಕದಲ್ಲಿ ಮೋಸ ಸಲ್ಲದೆಂದು ಮಸೀದಿಯಲ್ಲಿ ಕೇಳಿ ಬರುವವರು ಸರಕಿನ ಹೆಸರಿನಲ್ಲಿ ಇಷ್ಟು ಅಸಡ್ಡೆ ತೋರಿದರೆ ಹೇಗೆ? ಕಾಗದ ಸರಿಯಿದ್ದರೆ ದಾಳಿ ಮಾಡುವವನ ಮನಸ್ಸು ಬದಲಾಗದಿರಬಹುದು, ಆದರೆ ನ್ಯಾಯಾಲಯದಲ್ಲಿ ನಿಲ್ಲಲು ಕಾಲಿಗೆ ನೆಲ ಸಿಗುತ್ತದೆ. ಜಮಾಅತ್‌ಗಳು, ವ್ಯಾಪಾರಿ ಸಂಘಗಳು ಇದನ್ನು ಕೈಗೆತ್ತಿಕೊಳ್ಳಲಿ. ಊರೂರಿನಲ್ಲಿ ಸುಸಜ್ಜಿತ ಕಸಾಯಿಖಾನೆ ಮತ್ತು ಪರೀಕ್ಷಿಸಿ ಚೀಟಿ ಕೊಡುವ ಪಶುವೈದ್ಯರು ಬೇಕೆಂದು ನಗರಸಭೆಗಳ ಬಾಗಿಲು ತಟ್ಟಲಿ. ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದ ಸರಕಾರಕ್ಕೆ ಅದನ್ನು ಕೊಡುವ ವ್ಯವಸ್ಥೆ ಮಾಡುವ ಹೊಣೆಯೂ ಇದೆ.

ಪ್ರಯೋಗಾಲಯದ ವರದಿ ಬರುವವರೆಗೆ ಯಾರೂ ಅಪರಾಧಿಯಲ್ಲ. ರಫ್ತುದಾರನ ಕಂಟೇನರಿಗೆ ತೋರುವ ಈ ತಾಳ್ಮೆಯನ್ನು ಸೈಕಲ್ಲಿನ ಹಿಂದೆ ಎರಡು ಕಿಲೋ ಮಾಂಸ ಕಟ್ಟಿಕೊಂಡು ಹೋಗುವವನಿಗೂ ತೋರಿ ಎಂದು ಕೇಳುವುದು ಅತಿಯಾದ ಬೇಡಿಕೆಯೇ?