ತೂಬಿನ ನೀರು ಊರಿನದು, ಬೋರಿನ ನೀರು ಯಾರದು?

ಬಯಲುಸೀಮೆಯ ಕೆರೆಗಳಲ್ಲಿ ತನಗೆ ಬೇಕೆನಿಸಿದಾಗ ತೂಬು ಎತ್ತುವ ಅಧಿಕಾರ ಯಾವ ರೈತನಿಗೂ ಇರಲಿಲ್ಲ. ಆ ಕೆಲಸ ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ಭತ್ತ ಎಂಬುದನ್ನು ಊರು ಕೂತು ತೀರ್ಮಾನಿಸುತ್ತಿತ್ತು. ಆ ಏರ್ಪಾಡಿನಲ್ಲಿ ಜಾತಿಯೂ ಇತ್ತು, ಉಳ್ಳವರ ಗದ್ದೆಗೆ ಮೊದಲು ನೀರು ಹರಿಯುವ ಚಾಳಿಯೂ ಇತ್ತು. ಅದನ್ನು ಸುವರ್ಣಯುಗ ಎನ್ನಲು ನಾನು ತಯಾರಿಲ್ಲ. ಆದರೂ ಕೆರೆಯ ನೀರು ಒಬ್ಬನದಲ್ಲ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅದೇ ನೀರು ಕೆರೆಯಂಗಳದಲ್ಲಿ ಇಂಗಿ ಇನ್ನೂರು ಅಡಿ ಕೆಳಗಿಳಿದರೆ, ಮೇಲಿನ ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆಯೋ ಅವನ ಸ್ವತ್ತಾಗುತ್ತದೆ. ಇದು ಹೇಗೆ?

ಈ ನಿಯಮ ಇಂಗ್ಲೆಂಡಿನಿಂದ ಬಂತು. ಪಕ್ಕದವನು ಕಲ್ಲಿದ್ದಲು ಗಣಿ ತೋಡಿದ್ದರಿಂದ ಒಂದು ಹತ್ತಿ ಗಿರಣಿಯ ಬಾವಿ ಬತ್ತಿತು. ಗಿರಣಿಯವನು ಕೋರ್ಟಿಗೆ ಹೋದ. 1843ರ ತೀರ್ಪು ಅವನಿಗೆ ವಿರುದ್ಧವಾಯಿತು: ತನ್ನ ನೆಲವನ್ನು ಅಗೆಯುವುದು ಒಡೆಯನ ಹಕ್ಕು, ಅದರಿಂದ ನೆರೆಯವನ ಬಾವಿ ಬತ್ತಿದರೆ ಪರಿಹಾರವಿಲ್ಲ. ಹೊಳೆಯ ಹರಿವು ಕಣ್ಣಿಗೆ ಕಾಣುತ್ತದೆ, ನೆಲದಡಿಯದು ಕಾಣುವುದಿಲ್ಲ. ಹಾಗಾಗಿ ಹೊಳೆಯ ನಿಯಮ ಇಲ್ಲಿ ಸಲ್ಲದು ಎಂಬುದು ಅದರ ತರ್ಕ. 1861ರಲ್ಲಿ ಅಮೆರಿಕದ ಓಹಾಯೊ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ನೆಲದಡಿಯ ನೀರಿನ ಚಲನೆ ಅತಿ ನಿಗೂಢ, ಅದಕ್ಕೆ ಕಾನೂನು ಕಟ್ಟುವುದೇ ಅಸಾಧ್ಯ ಎಂದಿತು. ತಮಾಷೆಯೆಂದರೆ ಅದಕ್ಕೆ ಐದು ವರ್ಷ ಮೊದಲೇ, 1856ರಲ್ಲಿ, ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರು ಹರಿಯುವ ಲೆಕ್ಕವನ್ನು ಸೂತ್ರವಾಗಿ ಅಚ್ಚು ಹಾಕಿಸಿದ್ದ. ಓಹಾಯೊ ಕೋರ್ಟು ತನ್ನ ಆ ತೀರ್ಪನ್ನು 1984ರಲ್ಲಿ ಕೈಬಿಟ್ಟಿತು. ನಾವು ಮಾತ್ರ 1882ರ ಈಸ್‌ಮೆಂಟ್ ಕಾಯಿದೆಯ ಮೂಲಕ ಪಡೆದ ಹಳೆಯ ನಂಬಿಕೆಯನ್ನೇ ಹಿಡಿದು ಕೂತಿದ್ದೇವೆ.

ಅದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಭೂಮಿಯ ನೀರಿನಲ್ಲಿ ಸಿಹಿನೀರು ಶೇ. 2.5ರಷ್ಟು. ಅದರ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹಿಮವಾಗಿ ಕೂತಿದೆ. ಉಳಿದದ್ದು ಹೆಚ್ಚೂಕಡಿಮೆ ಪೂರ್ತಿ ನೆಲದಡಿ ಇದೆ. ನಾವು ಜಗಳವಾಡುವ ನದಿಗಳ, ಸರೋವರಗಳ ಪಾಲು ಸಿಹಿನೀರಿನ ಶೇ. ಒಂದಕ್ಕಿಂತಲೂ ಕಡಿಮೆ. ಆ ನೆಲದಡಿಯ ನೀರನ್ನು ಜಗತ್ತಿನಲ್ಲೇ ಅತಿ ಹೆಚ್ಚು ಎತ್ತುವ ದೇಶ ನಮ್ಮದು. ಕಾವೇರಿಗಾಗಿ ನ್ಯಾಯಮಂಡಳಿ ಕೂರಿಸಿದ ನಾವು ಬೋರುಗಳ ವಿಷಯದಲ್ಲಿ ಪಹಣಿಯನ್ನೇ ಕಾನೂನೆಂದುಕೊಂಡಿದ್ದೇವೆ.

ಕೋಲಾರಕ್ಕೆ ಬನ್ನಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಕೆರೆಗಳಿಂದ ಬದುಕಿತ್ತು. ಅಡಿಯಲ್ಲಿರುವುದು ಗಟ್ಟಿ ಗ್ರಾನೈಟ್, ನೈಸ್ ಶಿಲೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಮೇಲಿನ ಪದರಕ್ಕೆ ನೀರುಣಿಸುತ್ತಿದ್ದದ್ದು ಕೆರೆ. ಹೂಳು ತುಂಬಿ, ರಾಜಕಾಲುವೆ ಒತ್ತುವರಿಯಾಗಿ ಕೆರೆ ಬತ್ತಿದಾಗ ತೆರೆದ ಬಾವಿ ಬತ್ತಿತು; ಬಾವಿ ಬತ್ತಿದಾಗ ರಿಗ್ ಬಂತು; ಸಾವಿರ ಅಡಿ ದಾಟಿದರೂ ಒಂದಿಂಚು ನೀರಿಗೆ ಪರದಾಟ, ಸಿಕ್ಕ ನೀರಿನಲ್ಲಿ ಫ್ಲೋರೈಡ್. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಹರಿಯಿತು. ಎರಡನೇ ಹಂತದ ಸಂಸ್ಕರಣೆ ಸಾಕೇ ಎಂಬ ತಕರಾರು ನ್ಯಾಯವಾದದ್ದೇ. ಆದರೆ ನನ್ನ ಗಮನ ಬೇರೆಡೆಗೆ: ಆ ಕೆರೆಗಳಿಗೆ ನೇರವಾಗಿ ಪಂಪು ಇಡುವಂತಿಲ್ಲ, ಅದು ಅಂತರ್ಜಲ ಮರುಪೂರಣಕ್ಕೆ ಬಿಟ್ಟ ನೀರು. ಕೆರೆಯಂಚಿನ ತೋಟದಲ್ಲಿ ಬೋರು ಕೊರೆಸಿ ಅದೇ ನೀರನ್ನು ಎತ್ತಿದರೆ ಮಾತ್ರ ಅದು ಒಡೆತನದ ಹಕ್ಕು! ಸರ್ಕಾರ ಸಾರ್ವಜನಿಕ ಹಣದಲ್ಲಿ ಇಂಗಿಸಿದ ನೀರು ಯಾವ ಅಡಿಯಲ್ಲಿ ಖಾಸಗಿಯಾಯಿತು?

‘ಸಾಲ ಮಾಡಿ ನಾಲ್ಕು ಬೋರು ಕೊರೆಸಿ, ಮೂರು ಫೇಲಾದ ರೈತನ ಮೇಲೆ ನಿಮ್ಮ ಕಾನೂನೇ?’ ಎಂಬ ಮಾತು ಬರುತ್ತದೆ. ಬರಲೇಬೇಕು. ಆದರೆ ಆ ರೈತನನ್ನು ಹಾಳುಮಾಡಿದ್ದು ಇಂದಿನ ನಿಯಮವೇ. ಎಷ್ಟು ಆಳಕ್ಕೆ ಬೇಕಾದರೂ ಹೋಗಬಹುದು ಎಂದಾದರೆ ಗೆಲ್ಲುವವನು ಸಾವಿರದೈನೂರು ಅಡಿಗೆ ದುಡ್ಡಿದ್ದವನು. ಮೊದಲು ಬತ್ತುವುದು ಎರಡೆಕರೆಯವನ ಬಾವಿ. 1843ರ ಗಿರಣಿಯವನ ಹಾಗೆ ಇವನಿಗೂ ಪರಿಹಾರವಿಲ್ಲ. ಇನ್ನು ಟ್ಯಾಂಕರಿನವರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಸರ್ಕಾರ ಟ್ಯಾಂಕರಿಗೆ ದರ ಗೊತ್ತುಮಾಡಿತು. ಆ ನೀರು ಯಾರದೆಂದು ಕೇಳಲಿಲ್ಲ. 1882ರ ಕಾಯಿದೆ ಕೂಡ ಒಡೆಯನಿಗೆ ಹಕ್ಕು ಕೊಡುವುದು ‘ತನ್ನ ಎಲ್ಲೆಯೊಳಗೆ’ ಬಳಸಲು. ನನ್ನ ಓದಿನಲ್ಲಿ, ಊರ ನೀರನ್ನು ಊರಾಚೆ ಮಾರುವವನಿಗೆ ಆ ಹಳೆಯ ಕಾನೂನಿನಲ್ಲೂ ಜಾಗವಿಲ್ಲ.

ಕೇರಳದ ಪ್ಲಾಚಿಮಾಡದಲ್ಲಿ ಕೋಕಾ-ಕೋಲಾ ಘಟಕದ ವಿವಾದದಲ್ಲಿ ಅಲ್ಲಿನ ಹೈಕೋರ್ಟಿನ ಏಕಸದಸ್ಯ ಪೀಠ 2003ರಲ್ಲಿ ಅಂತರ್ಜಲ ಜನರ ಸೊತ್ತು, ಸರ್ಕಾರ ಅದರ ಧರ್ಮದರ್ಶಿ ಮಾತ್ರ ಎಂದಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಮೊದಲ ತೀರ್ಪೇ ಸರಿ.

ಹಾಗಾದರೆ ಕಾಯುವವರು ಯಾರು? ನಮ್ಮ 2011ರ ಅಂತರ್ಜಲ ಕಾಯಿದೆಯ ದಾರಿ ಅನುಮತಿಯದು: ಅರ್ಜಿ, ಕಚೇರಿ, ಅಲೆದಾಟ. ಅದು ಟೇಬಲ್ಲಿನ ಕೆಳಗೆ ಏನನ್ನು ಬೆಳೆಸುತ್ತದೆಂದು ಎಲ್ಲರಿಗೂ ಗೊತ್ತು. ಮಹಾರಾಷ್ಟ್ರದ ಹಿವರೆ ಬಾಜಾರ್ ಬೇರೆ ದಾರಿ ಹಿಡಿಯಿತು. ಬೇಸಾಯಕ್ಕೆ ಬೋರು ಇಲ್ಲ. ಮಳೆಗಾಲ ಮುಗಿದ ಮೇಲೆ ಬಾವಿಗಳ ನೀರು ಅಳೆದು, ಯಾವ ಬೆಳೆ ಎಷ್ಟೆಂದು ಊರೇ ಗೊತ್ತುಮಾಡುತ್ತದೆ. ಅದು ಚಿಕ್ಕ ಊರು, ಎಲ್ಲ ಕಡೆ ಆಗದು ಎನ್ನುವವರಿದ್ದಾರೆ. ಪಂಜಾಬಿನ ಮೆಕ್ಕಲು ಬಯಲಿನಲ್ಲಿ ಆ ಆಕ್ಷೇಪಣೆಗೆ ತೂಕವಿದೆ, ಅಲ್ಲಿ ನೆಲದಡಿಯ ಜಲಪದರ ಜಿಲ್ಲೆಗಳುದ್ದ ಹಬ್ಬಿದೆ. ನಮ್ಮ ಗಟ್ಟಿಶಿಲೆಯಲ್ಲಿ ನೀರಿರುವುದು ತುಂಡುತುಂಡಾಗಿ, ಒಂದು ಕೆರೆಯ ಸುತ್ತಮುತ್ತ. ಅದರ ಲೆಕ್ಕವನ್ನು ಆ ಕೆರೆಯ ಆಸುಪಾಸಿನ ನಾಲ್ಕೈದು ಊರುಗಳು ಇಟ್ಟುಕೊಳ್ಳಬಹುದು.

ಮೊದಲು ಮೀಟರು ಬೀಳಬೇಕಾದದ್ದು ಟ್ಯಾಂಕರಿಗೆ, ಬಾಟಲಿ ನೀರಿನ ಘಟಕಕ್ಕೆ, ಲೇಔಟಿಗೆ. ರೈತನ ಸರದಿ ಆಮೇಲೆ, ಅದೂ ಊರಿನ ಕೈಯಿಂದ. ಅಂತರ್ಜಲ ನಿರ್ದೇಶನಾಲಯ ತಾಲ್ಲೂಕುಗಳಲ್ಲಿ ವೀಕ್ಷಣಾ ಬಾವಿಗಳ ಮಟ್ಟ ಅಳೆಯುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಆ ಅಂಕಿಯನ್ನು ಓದಿ ಹೇಳಿ ಎಂದು ಕೇಳಿ.